ಲಟಕ್ ಅಂದರೆ ಮೂಳೆ ಕೂತಿತು ಅಂತಲಾ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಮುಳಬಾಗಿಲು ಕಡೆಯ ಹಳ್ಳಿಗಳಿಂದ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ತುಂಬಿಕೊಂಡು ಪಿಕಪ್ ಓಡಿಸುತ್ತಾರೆ. ಬಾಕ್ಸ್ ಎತ್ತುವುದು, ಇಳಿಸುವುದು ಕೂಡ ಅವರೇ. ಮೂರು ವಾರದಿಂದ ಸೊಂಟ ಹಿಡಿದುಕೊಂಡಿದೆ, ಬಲಗಡೆ ಪಿರ್ರೆವರೆಗೆ ಎಳೆಯುತ್ತದೆ. ಎಂಆರ್‌ಐ ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಅಂತ ಬರೆದಿದ್ದಾರೆ. ಮೊಬೈಲಿನಲ್ಲಿ ಕೈರೋಪ್ರಾಕ್ಟಿಕ್ ವಿಡಿಯೊ ನೋಡಿ, ಬೆಂಗಳೂರಿಗೆ ಹೋಗಿ ಮೂಳೆ ಕೂರಿಸಿಕೊಂಡು ಬರುತ್ತೇನೆ ಎನ್ನುತ್ತಿದ್ದಾರೆ. ಹತ್ತು ಸಿಟ್ಟಿಂಗ್ ಪ್ಯಾಕೇಜಿಗೆ ಮುಂಗಡ ಕಟ್ಟಬೇಕಂತೆ. ಬೆನ್ನುಮೂಳೆ ಸರಿಹೋದರೆ ಬಿಪಿ, ಶುಗರ್, ಗ್ಯಾಸ್ಟ್ರಿಕ್ ಎಲ್ಲಾ ಹೋಗುತ್ತದೆ ಅಂತಲೂ ಹೇಳಿದ್ದಾರೆ. 68 ವರ್ಷದ ನಮ್ಮ ಅತ್ತೆ, ರಾತ್ರಿ ಮೊಮ್ಮಗನ ಕೈಲಿ ಬೆನ್ನು ತುಳಿಸಿಕೊಳ್ಳುವವರು, ‘ನಾನೂ ಬರ್ತೀನಿ’ ಅಂತ ಕೂತಿದ್ದಾರೆ. ಏನಿದು ಕೈರೋಪ್ರಾಕ್ಟಿಕ್? ಕಳಿಸಬಹುದಾ?
— ಒಬ್ಬ ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ನಾನು ಮೊದಲು ಹುಡುಕಿದ ಮಾತು ಸಿಗಲಿಲ್ಲ. ಹಾಗಾಗಿ ಮುಂದಿನದ್ದು ಓದುವ ಮುಂಚೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ಕೇಳಿಬಿಡಿ. ಮೂತ್ರ ಕಟ್ಟಿದ ಹಾಗೆ ಆಗುತ್ತಾ, ಇಲ್ಲಾ ಗೊತ್ತಿಲ್ಲದೆ ಹೋಗುತ್ತಾ? ಸೈಕಲ್ ಸೀಟಿಗೆ ತಾಗುವ ಜಾಗ ಇದೆಯಲ್ಲ, ಅಲ್ಲಿ ಮುಟ್ಟಿದರೆ ಗೊತ್ತಾಗುತ್ತಾ, ಮರಗಟ್ಟಿದೆಯಾ? ನಡೆಯುವಾಗ ಚಪ್ಪಲಿ ತಾನಾಗಿ ಕಾಲಿಂದ ಜಾರುತ್ತಾ? ಇದರಲ್ಲಿ ಒಂದಕ್ಕೆ ‘ಹೌದು’ ಅಂದರೂ ಅವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಮಾರ್ಕೆಟ್ ಮುಗಿಸಿಕೊಂಡು ಹೋಗೋಣ ಅನ್ನುವ ಮಾತು ಬೇಡ. ಬೆನ್ನುಮೂಳೆಯ ಬುಡದಲ್ಲಿರುವ ನರಗಳ ಗೊಂಚಲು ಒತ್ತಿಕೊಂಡರೆ ಹೀಗಾಗುತ್ತದೆ. ಅಲ್ಲಿ ಗಂಟೆಗಳ ಲೆಕ್ಕ.

ಇನ್ನೊಂದು: ಸಂಜೆ ಹೊತ್ತಿಗೆ ಸಣ್ಣ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು. ಇವಿದ್ದರೆ ಬೆನ್ನುಮೂಳೆಯ ಟಿಬಿ ಇರಬಹುದಾ ಅಂತ ನೋಡಬೇಕು. ನಮ್ಮ ದೇಶದಲ್ಲಿ ಅದೇನೂ ಅಪರೂಪದ ಕಾಯಿಲೆಯಲ್ಲ. ಟಿಬಿ ತಿಂದು ಟೊಳ್ಳಾದ ಮೂಳೆಯನ್ನು ಯಾರಾದರೂ ಜೋರಾಗಿ ತಿರುಚಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇವ್ಯಾವುದೂ ಇಲ್ಲ ಅಂದುಕೊಂಡು ಮುಂದೆ ಹೋಗುತ್ತೇನೆ. ಕೋಲಾರದಲ್ಲಿ 22 ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಈಚೆಗೆ ದಿನಕ್ಕೆ ಒಬ್ಬರಾದರೂ ಫೋನ್ ಮುಂದೆ ಹಿಡಿದು ‘ಸಾರ್, ಹಿಂಗೆ ಲಟಕ್ ಅನ್ನಿಸ್ತೀರಾ?’ ಅಂತ ಕೇಳುತ್ತಾರೆ.

ನಮ್ಮ ಸೀಮೆಗೆ ಇದು ಹೊಸದೇನಲ್ಲ, ಅಲ್ವಾ? ಮೂಳೆ ಮುರಿದರೆ ಗಡಿ ದಾಟಿ ಆಂಧ್ರದ ಪುತ್ತೂರು ಕಟ್ಟಿಗೆ ಹೋಗುವವರು ನಾವು. ಸೊಂಟ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಒದೆಸಿಕೊಳ್ಳುತ್ತಿದ್ದರು. ನಮ್ಮಜ್ಜಿ ಊರಿನಲ್ಲಿ ಅಂಥ ಒಬ್ಬ ಹುಡುಗನಿದ್ದ, ಆರನೇ ಕ್ಲಾಸು. ಬೆಳಗ್ಗೆ ಸ್ಕೂಲಿಗೆ ಹೋಗುವ ದಾರಿಯಲ್ಲಿ ಇಬ್ಬರು ಮೂವರಿಗೆ ಒದ್ದು, ಒಬ್ಬೊಬ್ಬರಿಂದಲೂ ಒಂದು ಚೂರು ಬೆಲ್ಲ ಇಸ್ಕೊಂಡು ಹೋಗುತ್ತಿದ್ದ. ಬಹಳ ಜನಕ್ಕೆ ವಾಸಿಯೂ ಆಗುತ್ತಿತ್ತು! ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೈರೋಪ್ರಾಕ್ಟಿಕ್ ಅಮೆರಿಕದಲ್ಲಿ ಹುಟ್ಟಿದ್ದು. ಗ್ರೀಕಿನಲ್ಲಿ ‘ಕೈರ್’ ಅಂದರೆ ಕೈ. ಕೈಯಿಂದ ಮಾಡುವ ಕೆಲಸ ಅನ್ನುವ ಅರ್ಥದಲ್ಲಿ ಈ ಹೆಸರು ಬಂತು. ಶುರು ಮಾಡಿದವರು ಡೇನಿಯಲ್ ಡೇವಿಡ್ ಪಾಮರ್. ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಕೈಯಿಂದಲೇ ಒಂದು ಥರದ ಕಾಂತ ಶಕ್ತಿ ಹರಿಸುತ್ತೇನೆ ಅಂತ ಚಿಕಿತ್ಸೆ ಕೊಡುತ್ತಿದ್ದ ಮನುಷ್ಯ. 1895ರ ಸೆಪ್ಟೆಂಬರಿನಲ್ಲಿ, ಅದೇ ಕಟ್ಟಡದ ಜಾಡಮಾಲಿ ಹಾರ್ವಿ ಲಿಲ್ಲಾರ್ಡ್ ಎಂಬಾತನ ಬೆನ್ನಿನಲ್ಲಿ ಒಂದು ಉಬ್ಬು ಕಂಡು ಅದನ್ನು ಒತ್ತಿದರಂತೆ. ಬಹಳ ವರ್ಷದಿಂದ ಕೇಳಿಸದಿದ್ದ ಅವನ ಕಿವಿ ಕೇಳಿಸಿತು ಅಂತ ಪಾಮರ್ ಹೇಳಿಕೊಂಡರು. ಆದರೆ ಕೇಳುವ ನರ ಕಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ, ಬೆನ್ನಿನ ದಾರಿ ಹಿಡಿಯುವುದೇ ಇಲ್ಲ. ಇರಲಿ. 1897ರಲ್ಲಿ ಅವರು ಶಾಲೆಯನ್ನೂ ತೆರೆದರು. 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋಗಿ ಬಂದರು.

ಪಾಮರ್ ಹೇಳಿದ್ದು ಇಷ್ಟು: ನೂರಕ್ಕೆ 95 ಕಾಯಿಲೆಗಳು ಬೆನ್ನುಮೂಳೆ ಜಾಗ ತಪ್ಪುವುದರಿಂದ ಬರುತ್ತವೆ. ಮೂಳೆ ತಪ್ಪಿದರೆ ನರದೊಳಗೆ ಹರಿಯುವ ಜೀವಶಕ್ತಿ ತಡೆಯುತ್ತದೆ, ಮೂಳೆ ಕೂರಿಸಿದರೆ ಕಾಯಿಲೆ ಹೋಗುತ್ತದೆ. ಆ ‘ತಪ್ಪಿದ ಜಾಗ’ಕ್ಕೆ ಅವರು ಸಬ್‌ಲಕ್ಸೇಷನ್ ಅಂತ ಕರೆದರು. ನಿಮಗೆ ಹೇಳಿದ ಬಿಪಿ, ಶುಗರ್, ಗ್ಯಾಸ್ಟ್ರಿಕ್ ಕಥೆಯ ಬೇರು ಇದೇ. ಇದಕ್ಕೆ ಆಧಾರ ಇಲ್ಲ. ಶುಗರ್ ಮಾತ್ರೆ ಬಿಟ್ಟು ಬೆನ್ನು ಲಟಕ್ ಅನ್ನಿಸಿಕೊಂಡರೆ ಶುಗರ್ ಏರುತ್ತದೆ, ಅಷ್ಟೇ. ಬ್ರಿಟನ್ನಿನಲ್ಲಿ ಸೈಮನ್ ಸಿಂಗ್ ಅನ್ನುವ ವಿಜ್ಞಾನ ಲೇಖಕರು 2008ರಲ್ಲಿ, ಮಕ್ಕಳ ಅಸ್ತಮಾ, ಹೊಟ್ಟೆನೋವಿಗೆಲ್ಲ ಇದರಲ್ಲಿ ಮದ್ದಿದೆ ಅನ್ನುವುದಕ್ಕೆ ಪುರಾವೆ ಎಲ್ಲಿ ಅಂತ ಬರೆದರು. ಅಲ್ಲಿನ ಕೈರೋಪ್ರಾಕ್ಟರುಗಳ ಸಂಘ ಅವರ ಮೇಲೆ ಮಾನನಷ್ಟ ಕೇಸು ಹಾಕಿತು. 2010ರಲ್ಲಿ ಸಂಘವೇ ಕೇಸು ವಾಪಸ್ ತೆಗೆದುಕೊಂಡಿತು.

ಹಾಗಂತ ಎಲ್ಲ ಕೈರೋಪ್ರಾಕ್ಟರುಗಳೂ ಪಾಮರ್ ಕಾಲದಲ್ಲೇ ನಿಂತಿಲ್ಲ. ಅಮೆರಿಕದಲ್ಲಿ ಇದು ಲೈಸೆನ್ಸ್ ಇರುವ ವೃತ್ತಿ, ವರ್ಷಗಟ್ಟಲೆ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಪೂರ್ತಿ ತರಬೇತಿಗೆ ಕನಿಷ್ಠ 4200 ಗಂಟೆ ಅಂತ ಇದೆ. ಅಲ್ಲಿ ಓದಿದ ಅನೇಕರು ಇವತ್ತು ಬೆನ್ನು, ಕತ್ತಿನ ನೋವು ಬಿಟ್ಟು ಬೇರೆ ಕಾಯಿಲೆಯ ಮಾತೇ ಎತ್ತುವುದಿಲ್ಲ. ಅಂಥವರ ಮೇಲೆ ನನಗೆ ಗೌರವ ಇದೆ. ಬೆನ್ನುಮೂಳೆಯನ್ನು ಒತ್ತಿ ಸಡಿಲಿಸುವ ವಿದ್ಯೆ ಅವರೊಬ್ಬರ ಸೊತ್ತೂ ಅಲ್ಲ. ಫಿಸಿಯೋಥೆರಪಿಯಲ್ಲೂ ಕಲಿಸುತ್ತಾರೆ. ನಾನೂ ಮಾಡುತ್ತೇನೆ, ಬೇಕಾದವರಿಗೆ.

ಈಗ ಆ ಸದ್ದಿನ ವಿಷಯ. ಯಜಮಾನರು ಮನಸೋತಿರುವುದು ಅದಕ್ಕೇ, ನನಗೆ ಗೊತ್ತು.

ಒಂದು ಕೆಲಸ ಮಾಡಿ. ಇಬ್ಬರೂ ಬೆರಳಿನ ನೆಟಿಕೆ ತೆಗೆಯಿರಿ. ಲಟ್ ಅಂತು ಅಲ್ವಾ? ಈಗ ಅದೇ ಬೆರಳಿನಲ್ಲಿ ಇನ್ನೊಂದು ಸಲ ತೆಗೆಯಿರಿ. ಬರಲ್ಲ. ಸುಮಾರು ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಬರುತ್ತದೆ. ಸದ್ದು ಬಂತು ಅಂದರೆ ತಪ್ಪಿದ ಮೂಳೆ ಜಾಗಕ್ಕೆ ಕೂತಿತು ಅಂತಾದರೆ, ನಿಮ್ಮ ಬೆರಳಿನ ಮೂಳೆ ದಿನವಿಡೀ ಇಪ್ಪತ್ತು ನಿಮಿಷಕ್ಕೊಂದು ಸಲ ಜಾಗ ತಪ್ಪುತ್ತಿದೆ ಅಂತ ಅರ್ಥ!

ಕೀಲಿನ ಸುತ್ತ ಒಂದು ಚೀಲ ಇದೆ, ಅದರೊಳಗೆ ಮೊಟ್ಟೆಯ ಬಿಳಿಯಂಥ ಅಂಟು ದ್ರವ. ಕೀಲನ್ನು ಸರ್ರನೆ ಎಳೆದಾಗ ಒಳಗಿನ ಒತ್ತಡ ಇಳಿದು, ದ್ರವದಲ್ಲಿ ಕರಗಿದ್ದ ಗ್ಯಾಸು ಗುಳ್ಳೆಯಾಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುತ್ತದಲ್ಲ, ಹಾಗೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಒಳಗೇ ಬೆರಳು ಎಳೆದು ನೋಡಿದರು. ಲಟಕ್ ಅನ್ನುವ ಕ್ಷಣಕ್ಕೆ ಸರಿಯಾಗಿ ಕೀಲಿನೊಳಗೆ ಟೊಳ್ಳು ಜಾಗ ತೆರೆದುಕೊಂಡದ್ದು ಕಂಡಿತು. ಬೆನ್ನಿನಲ್ಲೂ ಅಂಥವೇ ಸಣ್ಣ ಕೀಲುಗಳಿವೆ, ಸದ್ದು ಅಲ್ಲಿಂದ. (ನೆಟಿಕೆ ತೆಗೆದರೆ ಸಂಧಿವಾತ ಬರುತ್ತದೆ ಅಂತ ಬೈಯುವ ಹಿರಿಯರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ವೈದ್ಯ ಡೊನಾಲ್ಡ್ ಅಂಗರ್ ಸುಮಾರು 60 ವರ್ಷ ಎಡಗೈ ಒಂದರಲ್ಲೇ ನೆಟಿಕೆ ತೆಗೆದು, ಬಲಗೈ ಹಾಗೇ ಬಿಟ್ಟರು. ಎರಡರಲ್ಲೂ ಸಂಧಿವಾತ ಬರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನವೂ ಸಿಕ್ಕಿತು.)

ಹಾಗಾದರೆ ವಿಡಿಯೊದಲ್ಲಿ ಜನ ಎದ್ದು ನಗುವುದು ನಾಟಕವಾ? ಎಲ್ಲವೂ ನಾಟಕ ಅಲ್ಲ. ಬಿಗಿದ ಸ್ನಾಯುವನ್ನು, ಕೀಲನ್ನು ಒಮ್ಮೆಲೇ ಹಿಗ್ಗಿಸಿದಾಗ ಅಲ್ಲಿನ ನರಗಳು ಬೆನ್ನುಹುರಿಗೆ ಬೇರೆ ಸಂದೇಶ ಕಳಿಸುತ್ತವೆ. ಸ್ನಾಯು ಸ್ವಲ್ಪ ಹೊತ್ತು ಬಿಗಿ ಬಿಡುತ್ತದೆ, ನೋವು ತಗ್ಗುತ್ತದೆ. ಇನ್ನೊಬ್ಬರ ಕೈ ಬೆನ್ನ ಮೇಲೆ ಬಿದ್ದಾಗ ಆಗುವ ಹಾಯ್ ಅನ್ನಿಸುವಿಕೆ, ಇದರಿಂದ ವಾಸಿಯಾಗುತ್ತದೆ ಅನ್ನುವ ನಂಬಿಕೆ, ಇವೂ ಸೇರಿಕೊಳ್ಳುತ್ತವೆ. ಜೊತೆಗೆ, ದಿಢೀರನೆ ಹಿಡಿದುಕೊಂಡ ಸೊಂಟ ಬಹಳ ಜನಕ್ಕೆ ಕೆಲವು ವಾರದೊಳಗೆ ತಾನಾಗಿಯೇ ಸಡಿಲ ಆಗುತ್ತದೆ. ಬೆಲ್ಲ ತಿಂದ ಆ ಹುಡುಗನಿಗೆ ಹೆಸರು ಬಂದದ್ದು ಹಾಗೆ.

ಇದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಹಳೆಯ ಸೊಂಟನೋವಿನ ಬಗ್ಗೆ ನಡೆದ 47 ಪ್ರಯೋಗಗಳನ್ನು, ಒಂಬತ್ತು ಸಾವಿರಕ್ಕೂ ಜಾಸ್ತಿ ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವರದಿ 2019ರಲ್ಲಿ ಬಂತು. ಬೆನ್ನುಮೂಳೆ ಒತ್ತಿಸಿಕೊಂಡವರಿಗೆ ಸಿಕ್ಕ ಉಪಶಮನ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ ಪಡೆದವರಿಗೆ ಸಿಕ್ಕಷ್ಟೇ ಇತ್ತು. ಕಡಿಮೆಯೂ ಅಲ್ಲ, ಜಾಸ್ತಿಯೂ ಅಲ್ಲ. ಅಮೆರಿಕದ ವೈದ್ಯರ ಸಂಘವೊಂದು (ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್) 2017ರಲ್ಲಿ ಸೊಂಟನೋವಿಗೆ ಹೇಳಿದ ದಾರಿಗಳಲ್ಲಿ ಶಾಖ, ಮಸಾಜಿನ ಜೊತೆಗೆ ಇದಕ್ಕೂ ಜಾಗ ಕೊಟ್ಟಿದೆ. ಬ್ರಿಟನ್ನಿನ 2016ರ ಮಾರ್ಗಸೂಚಿ ಇನ್ನೂ ಬಿಗಿ: ವ್ಯಾಯಾಮದ ಜೊತೆ ಸೇರಿಸಿ ಬೇಕಾದರೆ ಮಾಡಿ, ಇದೊಂದನ್ನೇ ಬೇಡ. ನನ್ನ ಅನುಭವವೂ ಅದೇ. ಒತ್ತಿಸಿಕೊಂಡ ಮೇಲೆ ಸಿಗುವ ಒಂದೆರಡು ದಿನದ ಆರಾಮವನ್ನು ವ್ಯಾಯಾಮ ಶುರು ಮಾಡಲು ಬಳಸಿಕೊಂಡವರು ಸುಧಾರಿಸುತ್ತಾರೆ. ಅದೇ ಆರಾಮದಲ್ಲಿ ಮತ್ತೆ ನೂರು ಬಾಕ್ಸ್ ಎತ್ತಿದವರು ಮುಂದಿನ ವಾರ ನನ್ನ ಬಾಗಿಲಲ್ಲಿ ಇರುತ್ತಾರೆ.

ಕತ್ತಿನ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಯಜಮಾನರಿಗೆ ನೋವಿರುವುದು ಸೊಂಟದಲ್ಲಿ. ಕತ್ತನ್ನು ಯಾರೂ ಮುಟ್ಟಬೇಕಾಗಿಲ್ಲ. ಆದರೆ ವಿಡಿಯೊಗಳಲ್ಲಿ ಮಂಡಿನೋವಿಗೆ ಬಂದವರ ಕತ್ತನ್ನೂ ಟವೆಲ್ ಸುತ್ತಿ ಎಳೆಯುತ್ತಾರೆ, ಸದ್ದು ಅಲ್ಲಿ ಚೆನ್ನಾಗಿ ಬರುತ್ತದೆ ಅಂತ. ಕತ್ತಿನ ಮೂಳೆಗಳ ಎರಡೂ ಪಕ್ಕದ ತೂತುಗಳಲ್ಲಿ ಪೋಣಿಸಿದ ಹಾಗೆ ಎರಡು ರಕ್ತನಾಳಗಳು ಮಿದುಳಿಗೆ ಹೋಗುತ್ತವೆ. ರಭಸವಾಗಿ ತಿರುಚಿದಾಗ ಅವುಗಳ ಒಳಪದರ ಸೀಳಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಇದು ಅಪರೂಪ, ನಿಜ. ಮೊದಲೇ ನಾಳ ಸೀಳಿ ಕತ್ತು ನೋಯುತ್ತಿದ್ದವರೇ ಒತ್ತಿಸಿಕೊಳ್ಳಲು ಬಂದಿರಬಹುದು ಅನ್ನುವ ವಾದವೂ ಇದೆ, ಅದರಲ್ಲಿ ಹುರುಳಿದೆ. ಆದರೂ ಸೊಂಟನೋವಿಗೆ ಹೋದವರು ಈ ಅಪಾಯವನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಕತ್ತು ತಿರುಚಿಸಿಕೊಂಡ ಮೇಲೆ ತಲೆ ಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕಾಲೇಜಿನಲ್ಲಿದ್ದಾಗ ನಾನೂ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತು ‘ಕತ್ತಿನ ನೆಟಿಕೆ ತೆಗಿಯಪ್ಪಾ’ ಅಂತ ಕೇಳಿ ತೆಗೆಸಿಕೊಂಡವನೇ. ಎಡಕ್ಕೆ ಚೆನ್ನಾಗಿತ್ತು. ಬಲಕ್ಕೆ ತಿರುಗಿಸಿದ ಮೇಲೆ ನಾಲ್ಕು ದಿನ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ. ಅವನ ತಪ್ಪೇನಿಲ್ಲ, ಕೇಳಿದವನು ನಾನು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು. ಇಲ್ಲಿ ಕೈರೋಪ್ರಾಕ್ಟರುಗಳಿಗೆ ಅಂತ ಪ್ರತ್ಯೇಕ ಕೌನ್ಸಿಲ್ ಇಲ್ಲ. ಆಯುಷ್ ಪಟ್ಟಿಯಲ್ಲೂ ಇದು ಬರುವುದಿಲ್ಲ. ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ಬೋರ್ಡ್ ಹಾಕುತ್ತಾರೆ, ಶನಿವಾರ ಭಾನುವಾರದ ಕೋರ್ಸ್ ಮುಗಿಸಿದವರೂ ಹಾಕುತ್ತಾರೆ. ಹಾಗಾಗಿ ಎಲ್ಲಿ ಓದಿದಿರಿ, ಎಷ್ಟು ವರ್ಷ ಅಂತ ನಾಚಿಕೆ ಇಲ್ಲದೆ ಕೇಳಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ನಂಬರ್ ಇದೆಯಾ ನೋಡಿ. ಮುಟ್ಟುವ ಮುಂಚೆ ಹಳೆಯ ಕಾಯಿಲೆ, ಮಾತ್ರೆಗಳು, ರಕ್ತ ತೆಳುವಾಗಿಸುವ ಔಷಧಿ ಬಗ್ಗೆ ಕೇಳಿ, ಮಂಡಿ ಪಾದಕ್ಕೆ ಸುತ್ತಿಗೆ ತಟ್ಟಿ, ಕಾಲೆತ್ತಿಸಿ ಪರೀಕ್ಷೆ ಮಾಡುವವರಾದರೆ ಒಂದು ಲಕ್ಷಣ. ಬಂದ ತಕ್ಷಣ ಮೊಬೈಲ್ ಸ್ಟ್ಯಾಂಡ್ ನಿಲ್ಲಿಸಿ ವಿಡಿಯೊ ತೆಗೆಯುವವರಾದರೆ ಇನ್ನೊಂದು ಲಕ್ಷಣ. ಹತ್ತು ಸಿಟ್ಟಿಂಗಿಗೆ ಮುಂಗಡ ಮಾತ್ರ ಕಟ್ಟಬೇಡಿ. ನಾಲ್ಕೈದು ಸಲಕ್ಕೆ ಫರಕು ಕಾಣದಿದ್ದರೆ ಹತ್ತನೆಯದರಲ್ಲಿ ಕಾಣುತ್ತದೆ ಅನ್ನುವ ಭರವಸೆ ನನಗಿಲ್ಲ.

ಎಂಆರ್‌ಐ ರಿಪೋರ್ಟ್ ನೋಡಿ ಹೆದರಬೇಡಿ. ಡಿಸ್ಕ್ ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ, ಬಲ್ಜ್ ಅಂದರೆ ಅದು ಸ್ವಲ್ಪ ಉಬ್ಬಿದೆ ಅಂತ. ಬೆನ್ನು ನೋವೇ ಇಲ್ಲದ ನಲವತ್ತರ ವಯಸ್ಸಿನವರನ್ನು ಮೆಷಿನ್ನಿನಲ್ಲಿ ಮಲಗಿಸಿದರೂ ಸುಮಾರು ಅರ್ಧ ಜನಕ್ಕೆ ‘ಡಿಸ್ಕ್ ಬಲ್ಜ್’ ಅಂತ ಬರುತ್ತದೆ. ತಲೆಕೂದಲು ನರೆತ ಹಾಗೆ. ಡಿಸ್ಕು ‘ಜಾರಿ’ ಹೊರಗೆ ಬಿದ್ದಿಲ್ಲ, ಯಾರೂ ಅದನ್ನು ಒಳಗೆ ತಳ್ಳುವುದೂ ಇಲ್ಲ.

ನೋವಿನ ಮೂಲ ನನಗನ್ನಿಸುವ ಹಾಗೆ ಬಾಕ್ಸಿನಲ್ಲಿದೆ. ಒಂದು ಬಾಕ್ಸ್ 15 ಕೆಜಿ. ನೂರು ಬಾಕ್ಸ್ ತುಂಬಿದರೆ ಒಂದೂವರೆ ಟನ್. ಹೊಲದ ಹತ್ತಿರ ತುಂಬಿದ್ದು, ಮಂಡಿಯಲ್ಲಿ ಇಳಿಸಿದ್ದು ಸೇರಿದರೆ ದಿನಕ್ಕೆ ಮೂರು ಟನ್. ನಡುವೆ ಹೈವೇಯಲ್ಲಿ ಕೂತು ಕುಲುಕಾಟ.

ಹೋದ ತಿಂಗಳು ಬೆಳಗ್ಗೆ ಮಾರ್ಕೆಟ್ಟಿನಲ್ಲಿ ನಿಂತು ನೋಡಿದೆ. ಹುಡುಗರು ಎರಡೂ ಕಾಲು ನೆಲಕ್ಕೆ ಊರಿಬಿಡುತ್ತಾರೆ. ಗಾಡಿಯ ಮೇಲಿಂದ ಬಾಕ್ಸ್ ತೆಗೆದು, ಕೈ ಚಾಚಿ ಹಿಡಿದು, ಸೊಂಟ ಮಾತ್ರ ತಿರುಗಿಸಿ ಪಕ್ಕಕ್ಕೆ ಇಡುತ್ತಾರೆ. ಪಾದ ಅಲುಗುವುದೇ ಇಲ್ಲ. ಅವರ ಪಕ್ಕದಲ್ಲೇ ಅರವತ್ತು ದಾಟಿದ ಒಬ್ಬ ಹಮಾಲರು. ಬಾಕ್ಸನ್ನು ಮೊದಲು ತೊಡೆಗೆ ಒರಗಿಸಿಕೊಂಡರು, ಆಮೇಲೆ ಎದೆಗೆ ಅವಚಿದರು, ಆಮೇಲೆ ಪುಟ್ಟ ಪುಟ್ಟ ಎರಡು ಹೆಜ್ಜೆ ಇಟ್ಟು ಇಡೀ ಮೈ ತಿರುಗಿಸಿ ಇಟ್ಟರು. ಒಂದು ಬಾಕ್ಸಿಗೆ ಹುಡುಗರಿಗಿಂತ ಎರಡು ಸೆಕೆಂಡ್ ಜಾಸ್ತಿ ಹಿಡಿಯಿತು. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ ಎರಡು ಸಾವಿರ ದಾಟಿದಾಗ ಎಲ್ಲರೂ ಹೀಗೇ, ಮಗು ಎತ್ತಿದ ಹಾಗೆ ಎತ್ತುತ್ತಿದ್ದರು. ಬೆಲೆ ಬಿದ್ದ ದಿನ ಎಸೆಯುತ್ತಾರೆ. ತೂಕ ಮಾತ್ರ ಎರಡು ದಿನವೂ ಅಷ್ಟೇ.

ಯಜಮಾನರಿಗೆ ಆ ಹಮಾಲರ ಹಾಗೆ ಎತ್ತಲು ಹೇಳಿ. ಎರಡು ವಾರ ಇಳಿಸುವ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಪ್ಯಾಕೇಜಿನ ಮುಂಗಡ ಅದಕ್ಕಾಗಲಿ. ಹಿಂದಿನ ಜೇಬಿನ ಪರ್ಸ್ ತೆಗೆಸಿ. ಅದರ ಮೇಲೆ ಕೂತು ಓಡಿಸಿದರೆ ಪಿರ್ರೆಯ ಎಳೆತ ಜಾಸ್ತಿ ಆಗುತ್ತದೆ. ಸೊಂಟದ ಬಾಗಿಗೆ ಒಂದು ಟವೆಲ್ ಸುರುಳಿ ಸುತ್ತಿ ಇಟ್ಟುಕೊಳ್ಳಲಿ. ಗಾಡಿ ನಿಲ್ಲಿಸಿದ ಕೂಡಲೇ ಬಾಕ್ಸಿಗೆ ಕೈ ಹಾಕಬಾರದು, ಐದು ನಿಮಿಷ ಅಡ್ಡಾಡಬೇಕು. ಮುಳಬಾಗಿಲಿನಲ್ಲಿ ದೋಸೆ ತಿನ್ನುವ ನೆಪದಲ್ಲಾದರೂ ಇಳಿದು ನಡೆಯಲಿ, ನನ್ನ ಅಡ್ಡಿಯಿಲ್ಲ. ಬೆಲ್ಟ್ ಇದ್ದರೆ ಎತ್ತುವಾಗ ಮಾತ್ರ, ದಿನವಿಡೀ ಬೇಡ. ಹಾಸಿಗೆ ಹಿಡಿದು ಮಲಗುವುದು ಅದಕ್ಕಿಂತ ಬೇಡ.

ಮನೆಯಲ್ಲಿ ಮಾಡಲು ಒಂದೇ ವ್ಯಾಯಾಮ ಹೇಳುತ್ತೇನೆ. ಬೋರಲು ಮಲಗಿ, ಅಂಗೈ ಎದೆಯ ಪಕ್ಕ ಊರಿ, ಸೊಂಟ ನೆಲದ ಮೇಲೇ ಬಿಟ್ಟು ಎದೆ ಮಾತ್ರ ನಿಧಾನ ಎತ್ತುವುದು, ಇಳಿಸುವುದು. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಭುಜಂಗಾಸನ ಗೊತ್ತಿದ್ದರೆ ಹೆಚ್ಚು ಕಡಿಮೆ ಅದೇ. ಇದರ ಹಿಂದೆಯೂ ಒಂದು ಆಕಸ್ಮಿಕ ಇದೆ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋ ರಾಬಿನ್ ಮೆಕೆಂಜಿ ಅವರ ಕೋಣೆಯಲ್ಲಿ ಒಬ್ಬ ರೋಗಿ ತಲೆಯ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವನ ಕಾಲಿನ ನೋವು ಹೋಗಿತ್ತು. ಮೆಕೆಂಜಿ ಎಲ್ಲ ಕಾಯಿಲೆಗೂ ಇದೇ ಮದ್ದು ಅನ್ನಲಿಲ್ಲ, ಯಾರಿಗೆ ಆಗುತ್ತದೆ, ಯಾರಿಗೆ ಆಗಲ್ಲ ಅಂತ ವರ್ಷಗಟ್ಟಲೆ ನೋಡಿದರು. ನೀವು ನೋಡಬೇಕಾದ್ದೂ ಅದನ್ನೇ: ವ್ಯಾಯಾಮ ಮಾಡುತ್ತಾ ಪಿರ್ರೆಯ ನೋವು ಮೇಲೆ ಸರಿದು ಸೊಂಟದ ನಡುವಿಗೆ ಬಂದರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ ಸರಿ, ಮುಂದುವರಿಸಿ. ನೋವು ತೊಡೆ, ಮೀನಖಂಡದ ಕಡೆ ಇಳಿದರೆ ನಿಲ್ಲಿಸಿ, ಹತ್ತಿರದ ಫಿಸಿಯೋ ಇಲ್ಲಾ ಮೂಳೆ ಡಾಕ್ಟರಿಗೆ ತೋರಿಸಿ.

ಇಷ್ಟರ ಮೇಲೂ ಹೋಗಿಯೇ ಬರುತ್ತೇನೆ ಅಂದರೆ ತಡೆಯಬೇಡಿ, ಜಗಳವೂ ಬೇಡ. ಎಂಆರ್‌ಐ ಕೈಯಲ್ಲಿ ಹಿಡಿದು ಹೋಗಲಿ, ‘ಸೊಂಟ ಮಾತ್ರ, ಕತ್ತು ಬೇಡ’ ಅಂತ ಮೊದಲೇ ಹೇಳಲಿ.

ಅತ್ತೆಯವರನ್ನು ಮಾತ್ರ ಕಳಿಸಲೇಬೇಡಿ. ಮುಟ್ಟು ನಿಂತು ಇಷ್ಟು ವರ್ಷವಾದ ಹೆಂಗಸರ ಮೂಳೆ ಒಳಗೇ ಸವೆದಿರುತ್ತದೆ. ಹಾಲಿನ ಕ್ಯಾನು, ನೀರಿನ ಬಿಂದಿಗೆ ಎತ್ತಿದ್ದಕ್ಕೇ ಬೆನ್ನಿನ ಮೂಳೆ ಕುಸಿದು ಕೂತವರನ್ನು ನಾನು ನೋಡಿದ್ದೇನೆ. ಅವರು ಅದನ್ನು ವಾಯು ನೋವು ಅಂದುಕೊಂಡಿದ್ದರು. ಅಂಥ ಬೆನ್ನಿನ ಮೇಲೆ ಜೋರಾಗಿ ಒತ್ತಿದರೆ ಪಕ್ಕೆಲುಬೂ ಮುರಿಯಬಹುದು. ಮೊದಲಿಗಿಂತ ಕುಳ್ಳಗಾಗಿದ್ದಾರಾ, ಸೀರೆ ನೆರಿಗೆ ಈಚೆಗೆ ನೆಲಕ್ಕೆ ತಾಗುತ್ತಾ, ಬೆನ್ನು ಗೂನಾಗಿದೆಯಾ ನೋಡಿ. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬೆನ್ನಿನ ಎಕ್ಸ್‌ರೇ ತೆಗೆಸಿ, ವಿಟಮಿನ್ ಡಿ, ಕ್ಯಾಲ್ಸಿಯಂ ಬಗ್ಗೆ ಕೇಳಿ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಪರೀಕ್ಷೆ ಬೇಕಾ ಅಂತ ಡಾಕ್ಟರ್ ಹೇಳುತ್ತಾರೆ. ಆ ಎಕ್ಸ್‌ರೇ ಕೈಗೆ ಬರುವವರೆಗೆ ಮೊಮ್ಮಗನನ್ನು ಅಜ್ಜಿಯ ಬೆನ್ನಿನಿಂದ ಇಳಿಸಿ, ಕಾಲು ಒತ್ತಲು ಕೂರಿಸಿ.